ಬೆನ್ನು ವಾಸಿಯಾಗಿದೆ, ಬೆಟ್ಟ ಹತ್ತಲಾ?

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬೆನ್ನಿನದೇ ಜಾಸ್ತಿ. ಅದರಲ್ಲೂ ಬೆನ್ನಿಗೆ ಪೆಟ್ಟು ಬಿದ್ದು ವಾಸಿಯಾದ ಮೇಲೆ, ಇನ್ನೊಬ್ಬರಿಗೆ ಹಣ ಸೇರಿಸಿ ಕೊಡೋಣ ಅಂತ ಚಾರಣಕ್ಕೆ ಹೆಸರು ಕೊಟ್ಟವರ ಪತ್ರಗಳು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಕಡೆಯಿಂದ ಬಂದಿವೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ನನಗೆ 41 ವರ್ಷ. ಮೂರು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಬೆನ್ನಿನ ಎಲ್1 ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದ್ದಾರೆ. ಮೊದಲು ವಾಕರ್, ಆಮೇಲೆ ಕೋಲು, ಈಗ ಯಾವುದೂ ಇಲ್ಲದೆ ಓಡಾಡುತ್ತೇನೆ, ಅಂಗಡಿ ನಡೆಸುತ್ತೇನೆ. ಬಲಗಾಲಿನ ಹೆಬ್ಬೆರಳ ಹತ್ತಿರ ಸ್ವಲ್ಪ ಜೋಮು ಉಳಿದಿದೆ ಅಷ್ಟೆ. ಪಕ್ಕದ ಊರಿನ ಹುಡುಗನೊಬ್ಬ ನನ್ನ ಹಾಗೆಯೇ ಮರದಿಂದ ಬಿದ್ದ, ಅವನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅವನಿಗೆ ವೀಲ್‌ಚೇರ್ ಕೊಡಿಸಲು ನಾವು ಗೆಳೆಯರು ಮಧುಗಿರಿ ಬೆಟ್ಟ ಹತ್ತಿ ಹಣ ಸೇರಿಸಬೇಕು ಅಂತಿದ್ದೇವೆ. ನಾನು ತುದಿ ಮುಟ್ಟಿದರೆ ಇಷ್ಟಿಷ್ಟು ಕೊಡುತ್ತೇವೆ ಅಂತ ಊರಿನವರು, ಬೆಂಗಳೂರಿನ ನೆಂಟರು ಮಾತು ಕೊಟ್ಟಾಗಿದೆ. ಡಾಕ್ಟರು 'ನೋಡ್ಕೊಂಡು ಮಾಡಿ' ಅಂದರು. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಟಿ.ವಿ.ಯಲ್ಲಿ ಸಾಹಸ ತೋರಿಸುವ ಬೇರ್ ಗ್ರಿಲ್ಸ್ ಬೆನ್ನು ಮುರಿದುಕೊಂಡ ಮೇಲೂ ಎವರೆಸ್ಟ್ ಹತ್ತಿದನಲ್ಲ, ನಾನು ಮಧುಗಿರಿ ಹತ್ತಬಾರದಾ?
– ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ಬೆಟ್ಟ ಹತ್ತಬಹುದು. ಆದರೆ ಮೊದಲ ಬೆಟ್ಟ ಮಧುಗಿರಿ ಬೇಡ. ಅದಕ್ಕಿಂತ ಮುಂಚೆ, 'ತುದಿ ಮುಟ್ಟಿದರೆ ಹಣ' ಅನ್ನುವ ಮಾತಿದೆಯಲ್ಲ, ಅದನ್ನು ವಾಪಸ್ ತೆಗೆಸಿ.

ನಿಮ್ಮ ಬೆನ್ನಿಗಿಂತ ಆ ಮಾತಿನ ಚಿಂತೆಯೇ ನನಗೆ ಜಾಸ್ತಿ. ಸ್ವಲ್ಪ ಯೋಚಿಸಿ. ಮುಕ್ಕಾಲು ಬೆಟ್ಟ ಹತ್ತಿದ್ದೀರಿ, ಬಲಗಾಲು ಭಾರವಾಗುತ್ತಿದೆ, ಸೊಂಟ ಹಿಡಿದುಕೊಳ್ಳುತ್ತಿದೆ. ಬೇರೆ ದಿನವಾಗಿದ್ದರೆ ಸುಮ್ನೆ ಕೂತು, ನೀರು ಕುಡಿದು, ಇಳಿದು ಬರುತ್ತಿದ್ದಿರಿ. ಅವತ್ತು ಮಾತ್ರ ಇಳಿಯುವುದಿಲ್ಲ. ಆ ಹುಡುಗನ ಮುಖ ಕಣ್ಣ ಮುಂದೆ ಬರುತ್ತೆ, ಕೊಡುತ್ತೇನೆ ಅಂದವರ ಲೆಕ್ಕ ತಲೆಯಲ್ಲಿ ಓಡುತ್ತೆ, ಗೆಳೆಯರು 'ಇನ್ನೇನು ಬಂದೇ ಬಿಡ್ತು' ಅನ್ನುತ್ತಾರೆ. ಬೆನ್ನು ಹೇಳುವ ಮಾತನ್ನು ಕೇಳಿಸಿಕೊಳ್ಳದ ಹಾಗೆ ಮಾಡುವುದೇ ಈ ಷರತ್ತು. ಒಳ್ಳೆಯ ಕೆಲಸಕ್ಕೆ ಹೊರಟವರು ಪೆಟ್ಟು ಮಾಡಿಕೊಳ್ಳುವುದು ಹೀಗೆ, ಕೆಟ್ಟ ಧೈರ್ಯದಿಂದಲ್ಲ, ಒಳ್ಳೆಯ ಮನಸ್ಸಿನಿಂದ.

ಆದ್ದರಿಂದ ಇವತ್ತೇ ಎಲ್ಲರಿಗೂ ಒಂದು ವಾಟ್ಸಾಪ್ ಕಳಿಸಿ. ಹೀಗೆ ಬರೆದರೂ ಸಾಕು: 'ನಾನು ಇವತ್ತಿನಿಂದ ನಾಲ್ಕು ತಿಂಗಳು ಅಭ್ಯಾಸ ಮಾಡಿ ಬೆಟ್ಟ ಹತ್ತುತ್ತೇನೆ. ಎಲ್ಲಿಯವರೆಗೆ ಆಗುತ್ತೋ ಅಲ್ಲಿಯವರೆಗೆ. ನಡುವೆ ವಾಪಸ್ ಬಂದರೂ ಬರಬಹುದು. ಹಣ ಹುಡುಗನಿಗೆ, ಬೆಟ್ಟದ ತುದಿಗಲ್ಲ, ಹಾಗಾಗಿ ಕೊಡುವುದನ್ನು ಈಗಲೇ ಕೊಡಿ.' ಕೊಡುವ ಮನಸ್ಸಿದ್ದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಣ ಮೊದಲೇ ಬಂದುಬಿಟ್ಟರೆ ಬೆಟ್ಟ ಬರೀ ಬೆಟ್ಟವಾಗಿ ಉಳಿಯುತ್ತೆ, ಆಗ ನಿಮ್ಮ ಕಾಲು ಸರಿಯಾಗಿ ತೀರ್ಮಾನ ಮಾಡುತ್ತೆ.

ಬೇರ್ ಗ್ರಿಲ್ಸ್ ವಿಷಯ ನಿಜ. 1996ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಬಿದ್ದು ಬೆನ್ನಿನ ಮೂಳೆಗಳು ಮುರಿದವು, 1998ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದರು. ಆದರೆ ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು, ಸೈನ್ಯದಲ್ಲಿದ್ದವರು, ತಿಂಗಳುಗಟ್ಟಲೆ ಸೈನ್ಯದ ಚಿಕಿತ್ಸಾ ಕೇಂದ್ರದಲ್ಲಿ ಬೆನ್ನು ಸರಿಮಾಡಿಕೊಳ್ಳುವುದೇ ಕೆಲಸವಾಗಿತ್ತು. ನಿಮಗೆ ಅಂಗಡಿ ಇದೆ, ದಿನವೆಲ್ಲ ನಿಲ್ಲುವುದಿದೆ, ಮೂಟೆ ಇಳಿಸುವುದಿದೆ. ಧೈರ್ಯಕ್ಕೆ ಅವರನ್ನು ನೆನೆಸಿಕೊಳ್ಳಿ, ಲೆಕ್ಕಕ್ಕೆ ಬೇಡ.

ಈಗ ನಿಮ್ಮ ಮೂಳೆಯ ಕಥೆ. ಎಲ್1 ಅಂದರೆ ಪಕ್ಕೆಲುಬು ಮುಗಿದ ಮೇಲೆ ಸಿಗುವ ಮೊದಲ ಮೂಳೆ. ಅದರ ಮೇಲಿನ 12 ಮೂಳೆಗಳಿಗೆ ಪಕ್ಕೆಲುಬು ಅಂಟಿಕೊಂಡಿರುವುದರಿಂದ ಅವು ಜಾಸ್ತಿ ಅಲುಗುವುದಿಲ್ಲ, ಅದೂ ಸೇರಿ ಕೆಳಗಿನ 5 ಚೆನ್ನಾಗಿ ಬಾಗುತ್ತವೆ. ಗಡುಸಾದ ಭಾಗ ಮತ್ತು ಬಾಗುವ ಭಾಗ ಸೇರುವ ಜಾಗ ಅದು. ಎತ್ತರದಿಂದ ಕುಂಡಿ ಊರಿಯೋ ಹಿಮ್ಮಡಿ ಊರಿಯೋ ಬಿದ್ದಾಗ ಹೊಡೆತ ಬಂದು ನಿಲ್ಲುವುದು ಹೆಚ್ಚಾಗಿ ಅಲ್ಲೇ. ನಮ್ಮ ಕಡೆ ತೆಂಗಿನ ಮರ, ಹುಣಸೆ ಮರದಿಂದ ಬಿದ್ದವರ ಎಕ್ಸ್‌ರೇ ಎತ್ತಿ ಹಿಡಿದರೆ ಕಣ್ಣು ಮೊದಲು ಹೋಗುವುದೂ ಅದೇ ಜಾಗಕ್ಕೆ. ದೊಡ್ಡವರಲ್ಲಿ ಬೆನ್ನುಹುರಿ ಸುಮಾರಾಗಿ ಎಲ್1, ಎಲ್2ರ ಹತ್ತಿರ ಮುಗಿದು, ಅಲ್ಲಿಂದ ಕೆಳಕ್ಕೆ ನರಗಳ ಎಳೆಗಳು ಇಳಿಯುತ್ತವೆ. ಪೆಟ್ಟು ಹುರಿಗೇ ಆಯಿತಾ, ಎಳೆಗಳಿಗೆ ಮಾತ್ರ ಆಯಿತಾ, ಎಷ್ಟು ಆಳಕ್ಕೆ ಆಯಿತು ಅನ್ನುವುದರ ಮೇಲೆ ಒಬ್ಬರು ಎದ್ದು ನಡೆಯುತ್ತಾರೆ, ಇನ್ನೊಬ್ಬರು ನಡೆಯುವುದಿಲ್ಲ. ನೀವು ಜಾಸ್ತಿ ಛಲ ಮಾಡಿದಿರಿ, ಆ ಹುಡುಗ ಮಾಡಲಿಲ್ಲ ಅಂತ ಅಲ್ಲ. ಇದನ್ನು ಚಾರಣದ ದಿನ ಭಾಷಣ ಮಾಡುವವರಿಗೂ ಹೇಳಿ. 'ಮನಸ್ಸು ಮಾಡಿದರೆ ಎಲ್ಲರೂ ನಡೆಯಬಹುದು' ಅಂತ ಮೈಕಿನಲ್ಲಿ ಹೇಳಿದರೆ ಆ ಹುಡುಗನಿಗೆ ಹೇಗೆ ಕೇಳಿಸುತ್ತೆ ಹೇಳಿ.

'ನೋಡ್ಕೊಂಡು ಮಾಡಿ' ಸಾಕಾಗುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ಹೊಸ ಎಕ್ಸ್‌ರೇ ತೆಗೆಸಿ, ನೇರವಾಗಿ ಕೇಳಿ. ಮೂಳೆ ಪೂರ್ತಿ ಕೂಡಿದೆಯಾ? ಸ್ಕ್ರೂ ಯಾವುದಾದರೂ ಸಡಿಲವಾಗಿದೆಯಾ, ಮುರಿದಿದೆಯಾ? ಬೆನ್ನು ಆ ಜಾಗದಲ್ಲಿ ಮುಂದಕ್ಕೆ ಬಾಗುತ್ತಾ ಬರುತ್ತಿದೆಯಾ? ಎಷ್ಟು ಕೆ.ಜಿ. ಹೊರಬಹುದು? ಈ ನಾಲ್ಕಕ್ಕೆ ಉತ್ತರ ಬರೆಸಿಕೊಂಡು ಬನ್ನಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅವರು ಬೇಡ ಅನ್ನುವುದು ಸುಮ್ನೆ ಅಲ್ಲ. ನಿಮ್ಮನ್ನು ಹಾಸಿಗೆಯಲ್ಲಿ ಮಗ್ಗುಲು ತಿರುಗಿಸಿದವರು ಅವರು, ಡಾಕ್ಟರ ಬಾಯಿಂದ ನೇರವಾಗಿ ಕೇಳುವ ಹಕ್ಕು ಅವರಿಗಿದೆ.

ಜೋಮು 'ಅಷ್ಟೆ' ಅಂದಿದ್ದೀರಿ. ನನಗೆ ಅದು ಅಷ್ಟೆ ಅಲ್ಲ. ನಿಮ್ಮ ಹಳೆಯ ಚಪ್ಪಲಿಯನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಎಡಗಾಲಿನದು ಹಿಮ್ಮಡಿಯಲ್ಲಿ ಸವೆದು, ಬಲಗಾಲಿನದು ಮುಂದೆ ಹೆಬ್ಬೆರಳ ತುದಿಯಲ್ಲಿ ಉಜ್ಜಿ ಹೋಗಿದ್ದರೆ, ನಡೆಯುವಾಗ ಬಲಪಾದ ಪೂರ್ತಿ ಮೇಲೇಳುತ್ತಿಲ್ಲ, ಎಳೆಯುತ್ತಿದೆ ಅಂತ. ಆಮೇಲೆ ಗೋಡೆ ಪಕ್ಕ ನಿಂತು, ಬೆರಳುಗಳನ್ನು ಮೇಲಕ್ಕೆತ್ತಿ ಬರೀ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ಹಾಕಿ. ಎರಡೂ ಕಡೆ ಒಂದೇ ಥರ ಎದ್ದರೆ ಸರಿ. ಬಲಪಾದ ಬೇಗ ಸೋತು ತಟ್ಟನೆ ಕೆಳಗೆ ಬಿದ್ದರೆ ಕಲ್ಲಿನ ಮೆಟ್ಟಿಲಿನ ಅಂಚಿಗೆ ಅದು ತಾಗೇ ತಾಗುತ್ತೆ, ಅದೂ ಸುಸ್ತಾದ ಮೇಲೆ, ಇಳಿಯುವಾಗ. ಹಾಗಿದ್ದರೆ ಬೆಟ್ಟದ ಮಾತು ಆಮೇಲೆ, ಮೊದಲು ಆ ಕಾಲಿಗೆ ವ್ಯಾಯಾಮ, ಬೇಕಾದರೆ ಪಾದಕ್ಕೊಂದು ಸಪೋರ್ಟ್. ಇನ್ನೊಂದು ಮಾತು, ಜೋಮಿರುವ ಕಡೆ ಶೂ ಕಚ್ಚಿದ್ದು, ಗುಳ್ಳೆ ಎದ್ದಿದ್ದು ಗೊತ್ತಾಗುವುದಿಲ್ಲ. ಕೂತಾಗಲೆಲ್ಲ ಸಾಕ್ಸ್ ಬಿಚ್ಚಿ ಕಣ್ಣಲ್ಲಿ ನೋಡಬೇಕು.

ಅಭ್ಯಾಸ ಸಮತಟ್ಟಿನಿಂದ ಶುರು ಮಾಡಿ. ತುಮಕೂರಿಗೆ ಬರುವ ದಿನವಿದ್ದರೆ ಅಮಾನಿಕೆರೆ ದಂಡೆ ಒಳ್ಳೆಯದು, ಇಲ್ಲದಿದ್ದರೆ ನಿಮ್ಮೂರಿನ ತೋಟದ ದಾರಿ. ಅರ್ಧ ಗಂಟೆ ನಡೆದು, ಮಾರನೇ ದಿನ ಬೆಳಗ್ಗೆ ಬೆನ್ನು ಹೇಗಿದೆ ನೋಡಿ. ನಡೆಯುವಾಗ ಸ್ವಲ್ಪ ನೋವು ಬಂದರೆ ಗಾಬರಿ ಬೇಡ, ಮಾರನೇ ದಿನಕ್ಕೆ ಅದು ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಜಾಸ್ತಿಯಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ತೊಡೆ, ಮೀನಖಂಡ ಹಿಡಿದುಕೊಂಡರೆ ಅದು ಸ್ನಾಯು ನೋವು, ಎರಡು ದಿನಕ್ಕೆ ಹೋಗುತ್ತೆ. ಕುಂಡಿಯಿಂದ ಕಾಲಿಗೆ ಕರೆಂಟ್ ಹೊಡೆದ ಹಾಗೆ ಇಳಿದರೆ ನರದ್ದು, ನಿಲ್ಲಿಸಿ ತೋರಿಸಬೇಕು. ಜೊತೆಗೆ ಮನೆಯಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಅಂಗಾತ ಮಲಗಿ ಸೊಂಟ ಎತ್ತುವುದು, ಮಂಡಿ ಮತ್ತು ಕೈ ಊರಿ ಎದುರುಬದುರು ಕೈಕಾಲು ಚಾಚುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಜಗಲಿ ಮೇಲೆ ಹತ್ತಿ ಇಳಿಯುವುದು. ರಾಡು ಹಾಕಿದ ಜಾಗ ಬಾಗುವುದಿಲ್ಲ, ಹಾಗಾಗಿ ಅದರ ಮೇಲಿನ, ಕೆಳಗಿನ ಮೂಳೆಗಳು ಆ ಕೆಲಸವನ್ನೂ ಸೇರಿಸಿಕೊಂಡು ಮಾಡುತ್ತಿರುತ್ತವೆ. ಕುಂಡಿ, ತೊಡೆ ಗಟ್ಟಿಯಾದಷ್ಟೂ ಅವುಗಳ ಮೇಲಿನ ಭಾರ ಕಮ್ಮಿ.

ಸಮತಟ್ಟಿನಲ್ಲಿ ಒಂದೂವರೆ ಗಂಟೆ ಆರಾಮಾಗಿ ನಡೆಯುವ ಹಾಗಾದ ಮೇಲೆ ಮೆಟ್ಟಿಲು. ಕ್ಯಾತ್ಸಂದ್ರದ ಸಿದ್ಧಗಂಗಾ ಬೆಟ್ಟದ ಮೆಟ್ಟಿಲು ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಇದನ್ನು ಎಷ್ಟು ಹೇಳಿದರೂ ಸಾಲದು. ಹತ್ತುವಾಗ ಉಸಿರು ಸೋಲುತ್ತೆ, ನಿಂತರೆ ಸರಿಹೋಗುತ್ತೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಒಂದು ಕಾಲಿನ ಮೇಲೆ ಬಿದ್ದು, ಅದನ್ನು ತೊಡೆ ಹಿಡಿದುಕೊಳ್ಳಬೇಕು, ತೊಡೆ ಸೋತರೆ ಹೊಡೆತ ನೇರ ಸೊಂಟಕ್ಕೆ. ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ, ಧಡ್ ಅಂತ ಇಳಿಯಬೇಡಿ. ಎತ್ತರದ ಮೆಟ್ಟಿಲಿದ್ದರೆ ಅಡ್ಡಡ್ಡಕ್ಕೆ ಇಳಿಯಿರಿ. ಎರಡು ಕೈಗೆ ಎರಡು ಕೋಲು ಬೇಕು, ಮೊಣಕೈ ಎತ್ತರಕ್ಕೆ. ದುಡ್ಡು ಕೊಟ್ಟು ಟ್ರೆಕ್ಕಿಂಗ್ ಕೋಲೇ ತರಬೇಕಿಲ್ಲ, ಗಟ್ಟಿ ಬಿದಿರಿಗೆ ತುದಿಯಲ್ಲಿ ರಬ್ಬರ್ ಹಾಕಿಸಿದರೂ ಆಯಿತು.

ಮಧುಗಿರಿ ಯಾಕೆ ಬೇಡ ಅಂದೆ ಅಂದರೆ, ಅದು ಒಂದೇ ಬಂಡೆಯ ಬೆಟ್ಟ. ಕೋಟೆ ಬಾಗಿಲುಗಳು ದಾಟಿ ಮೇಲಕ್ಕೆ ಹೋದ ಹಾಗೆ ಬಂಡೆಯಲ್ಲಿ ಕೊರೆದ ಚಿಕ್ಕ ಚಿಕ್ಕ ಮೆಟ್ಟಿಲು, ಕಡಿದಾದ ಇಳಿಜಾರು, ಕಂಬಿ ಹಿಡಿದು ಮೈ ಬಗ್ಗಿಸಿ ಹೋಗಬೇಕಾದ ಜಾಗಗಳು ಬರುತ್ತವೆ. ನಡುವೆ ಸೊಂಟ ಹಿಡಿದುಕೊಂಡರೆ ಬಂದ ದಾರಿಯಲ್ಲೇ ಇಳಿಯಬೇಕು, ಗಾಡಿ ಬರುವುದಿಲ್ಲ, ಸ್ಟ್ರೆಚರ್ ತರುವುದೂ ಕಷ್ಟ. ದೇವರಾಯನದುರ್ಗ ಮಾಡಿ. ತುಮಕೂರಿನಿಂದ ಸುಮಾರು 15 ಕಿ.ಮೀ. ಬೆಟ್ಟದ ಮೇಲಕ್ಕೆ ರಸ್ತೆ ಇದೆ, ಭೋಗನರಸಿಂಹ ದೇವಸ್ಥಾನದ ಹತ್ತಿರ ಕೂರಬಹುದು, ಮೇಲೆ ಯೋಗನರಸಿಂಹಕ್ಕೆ ಮೆಟ್ಟಿಲು. ಎಲ್ಲಿ ಸಾಕು ಅನ್ನಿಸುತ್ತೋ ಅಲ್ಲಿಂದ ಕಾರಿನಲ್ಲಿ ಇಳಿದು ಬರಬಹುದು. ಕೆಳಗೆ ನಾಮದ ಚಿಲುಮೆ ಕಡೆಯ ಕಾಡಿನ ರಸ್ತೆಯಲ್ಲಿ ನಡೆಯುವುದನ್ನೂ ಸೇರಿಸಿಕೊಂಡರೆ ಬಂದವರಿಗೆಲ್ಲ ಒಂದು ಒಳ್ಳೆಯ ದಿನವಾಗುತ್ತೆ. ಮೆಟ್ಟಿಲಿನಲ್ಲಿ ತಿಂಡಿ ಕವರ್ ಕೈಯಲ್ಲಿ ಹಿಡಿಯಬೇಡಿ. ಕೋತಿ ಹಿಂದಿನಿಂದ ಎಳೆದರೆ ಮೈ ತಟ್ಟನೆ ತಿರುಗುತ್ತೆ, ನಿಮ್ಮ ಬೆನ್ನಿಗೆ ಬೆಟ್ಟಕ್ಕಿಂತ ಅದು ಅಪಾಯ. ಹೊರಡುವ ಮುಂಚೆ ನೋವಿನ ಮಾತ್ರೆ ನುಂಗಿಕೊಂಡು ಹತ್ತುವುದಂತೂ ಬೇಡವೇ ಬೇಡ. ಎಲ್ಲಿ ನಿಲ್ಲಬೇಕು ಅಂತ ಹೇಳುವುದೇ ನೋವು, ಅದರ ಬಾಯಿ ಮುಚ್ಚಿಸಿ ಹತ್ತಬಾರದು.

ವೀಲ್‌ಚೇರ್ ಬಗ್ಗೆ. ಹಣ ಸೇರಿಸುವ ಮುಂಚೆ ಆ ಹುಡುಗನ ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ, ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂಆರ್‌ಡಬ್ಲ್ಯೂ, ಇರುತ್ತಾರೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿದರೆ ವೀಲ್‌ಚೇರ್ ಸರ್ಕಾರದ ಯೋಜನೆಯಲ್ಲೇ ಸಿಗುವ ದಾರಿ ಇದೆ. ನೀವು ಸೇರಿಸಿದ ಹಣ ಸರ್ಕಾರ ಕೊಡದಿದ್ದಕ್ಕೆ ಹೋಗಲಿ: ಮನೆ ಬಾಗಿಲಿಗೆ ಇಳಿಜಾರು, ಕುರ್ಚಿ ಒಳಗೆ ಹೋಗುವಷ್ಟು ಅಗಲದ ಶೌಚಾಲಯದ ಬಾಗಿಲು, ಕೂರುವ ಒಳ್ಳೆಯ ಕುಶನ್, ಆಸ್ಪತ್ರೆಗೆ ಹೋಗಿಬರುವ ಬಾಡಿಗೆ. ಕುರ್ಚಿ ಬಂದು, ಮನೆಯ ಹೊಸಿಲು ದಾಟಲಾಗದೆ ಅದು ಮೂಲೆಯಲ್ಲಿ ನಿಂತಿರುವ ಮನೆಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನನಗೆ 27. ಡಿಸ್ಕ್ ಜಾರಿ ಎಂಟು ತಿಂಗಳಾಯಿತು. ಆಪರೇಷನ್ ಆಗಿಲ್ಲ, ನೋವು ಹೋಗಿದೆ. ಶಾಲೆಯೊಂದಕ್ಕೆ ಹಣ ಸೇರಿಸಲು ನಮ್ಮ ಆಫೀಸಿನವರು ಸ್ಕಂದಗಿರಿ ಚಾರಣ ಇಟ್ಟಿದ್ದಾರೆ. ಬೆಳಗಿನ ಜಾವ ಹತ್ತಿ ಸೂರ್ಯೋದಯ ನೋಡುವುದು. ಎಲ್ಲರ ನೀರು ನಾನೇ ಹೊರುತ್ತೇನೆ ಅಂದಿದ್ದೇನೆ. ಸೊಂಟಕ್ಕೆ ಬೆಲ್ಟ್ ಹಾಕಿದರೆ ಸಾಕಾ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಚಾರಣಕ್ಕೆ ಹೋಗಿ, ನೀರು ಹೊರಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ಹತ್ತು ಜನರಿಗೆ ಎರಡೆರಡು ಲೀಟರ್ ಅಂದರೆ ಇಪ್ಪತ್ತು ಕೆ.ಜಿ. ಗೋಧಿ ಮೂಟೆ ಹೊತ್ತು ಕತ್ತಲೆಯಲ್ಲಿ ಬಂಡೆ ಹತ್ತುತ್ತೀರಾ? ಅವರವರ ನೀರು ಅವರವರು ಹೊರಲಿ. ನಿಮ್ಮ ಬ್ಯಾಗು ಮೈತೂಕದ ಹತ್ತನೇ ಒಂದು ಭಾಗ ದಾಟಬಾರದು, ಸೊಂಟದ ಪಟ್ಟಿ ಇರುವ ಬ್ಯಾಗೇ ಇರಬೇಕು, ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡ ಹಾಗೆ ಒಳಗಡೆ ಇಡಿ. ಒಂದು ಭುಜಕ್ಕೆ ನೇತುಹಾಕುವ ಬ್ಯಾಗು ಬೇಡ.

ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರಿದ ಬಹಳ ಮಂದಿಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತೆ, ಹೊರಗೆ ಚಾಚಿಕೊಂಡ ಭಾಗ ತಿಂಗಳುಗಳಲ್ಲಿ ಕುಗ್ಗುತ್ತೆ. ಹಾಗಾಗಿ ಭಯಪಟ್ಟು ಮನೆಯಲ್ಲಿ ಕೂರುವುದು ಬೇಡ. ನನ್ನ ಚಿಂತೆ ಹೊತ್ತಿನದು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಉಬ್ಬುತ್ತೆ. ಬೆಳಗ್ಗೆ ನಾವು ಒಂದೂವರೆ ಸೆಂಟಿಮೀಟರಿನಷ್ಟು ಎತ್ತರ ಜಾಸ್ತಿ ಇರುವುದು ಅದಕ್ಕೇ. ಎದ್ದ ಮೊದಲ ಒಂದು ಗಂಟೆ ಡಿಸ್ಕ್ ಬಿಗಿಯಾಗಿರುತ್ತೆ, ಆಗ ಮುಂದಕ್ಕೆ ಬಗ್ಗಿದರೆ ಅದರ ಮೇಲೆ ಒತ್ತಡ ಬಹಳ. ನೀವು ಮಾಡಲು ಹೊರಟಿರುವುದು ಏನು? ಎರಡು ಗಂಟೆಗೆ ಎದ್ದು, ಬಗ್ಗಿ ಶೂ ಲೇಸ್ ಕಟ್ಟಿ, ಗಾಡಿಯಲ್ಲಿ ಮುದುಡಿ ಕೂತು, ಪಾಪಾಗ್ನಿ ಮಠದ ಹತ್ತಿರ ಇಳಿದ ತಕ್ಷಣ ಚಳಿಯಲ್ಲಿ ಹತ್ತುವುದು. ಬೆನ್ನಿಗೆ ಇದಕ್ಕಿಂತ ಕೆಟ್ಟ ಕ್ರಮ ಇಲ್ಲ. ಒಂದು ಗಂಟೆ ಮುಂಚೆ ಏಳಿ, ಮನೆಯಲ್ಲೇ ಓಡಾಡಿ, ಶೂ ಹಾಕುವಾಗ ಕಾಲನ್ನು ಸ್ಟೂಲ್ ಮೇಲೆ ಇಟ್ಟು ಹಾಕಿ, ಬುಡದಲ್ಲಿ ಇಳಿದ ಮೇಲೆ ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆದು ಆಮೇಲೆ ಹತ್ತಿ. ಬಸ್ಸಾದರೆ ಹಿಂದಿನ ಸೀಟು ಬೇಡ, ಹಿಂಚಕ್ರದ ಎಗರಾಟವೆಲ್ಲ ಅಲ್ಲಿಗೇ. ಟಾರ್ಚ್ ತಲೆಗೆ ಕಟ್ಟುವಂಥದ್ದು ಇರಲಿ, ಕೈ ಎರಡೂ ಖಾಲಿ ಬೇಕು. ಸ್ಕಂದಗಿರಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ, ಆಫೀಸಿನವರು ಮಾಡಿಸಿದ್ದಾರಾ ಕೇಳಿ. ಸುಮ್ನೆ ರಾತ್ರೋರಾತ್ರಿ ಹೋಗುವುದು ಸರಿಯಲ್ಲ. ನನ್ನನ್ನು ಕೇಳಿದರೆ ಈ ಸಲಕ್ಕೆ ನಂದಿ ಬೆಟ್ಟವೇ ವಾಸಿ. 1,478 ಮೀಟರ್ ಎತ್ತರ, ನೋಟಕ್ಕೇನೂ ಕಮ್ಮಿ ಇಲ್ಲ, ಮೆಟ್ಟಿಲಿನಲ್ಲಿ ಹತ್ತಿ ಬೇಕೆನಿಸಿದರೆ ರಸ್ತೆಯಲ್ಲಿ ಗಾಡಿಯಲ್ಲಿ ಇಳಿಯಬಹುದು.

ಬೆಲ್ಟ್ ಬಗ್ಗೆ ಜಾಸ್ತಿ ನಂಬಿಕೆ ಬೇಡ. ಇಳಿಯುವ ಹೊತ್ತಿಗೆ ಬೇಕಾದರೆ ಹಾಕಿ. ದಿನವೆಲ್ಲ ಬೆಲ್ಟಿನ ಆಸರೆಯಲ್ಲೇ ಇದ್ದರೆ ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ.

ಒಂದನ್ನು ಮಾತ್ರ ಚೆನ್ನಾಗಿ ನೆನಪಿಡಿ. ಯಾವತ್ತಾದರೂ ಕೂರುವ ಜಾಗದಲ್ಲಿ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ಎರಡೂ ಕಾಲು ಬಲ ಕಳೆದುಕೊಳ್ಳುತ್ತಾ ಬಂದರೆ, ನಾಳೆ ನೋಡೋಣ ಅನ್ನಬೇಡಿ, ನಾಚಿಕೆ ಪಡಬೇಡಿ. 108ಕ್ಕೆ ಫೋನ್ ಮಾಡಿ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ನರಗಳು ಒತ್ತಿಹೋದಾಗ ಗಂಟೆಗಳ ಲೆಕ್ಕ ಇರುತ್ತೆ, ದಿನಗಳದ್ದಲ್ಲ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ಪರ್ಶವಿಲ್ಲ. ಊರಿನ ಹುಡುಗರು ಅಂತರಗಂಗೆ ಬೆಟ್ಟಕ್ಕೆ ಚಾರಣ ಇಟ್ಟು ಅವನಿಗೆ ಹಣ ಸೇರಿಸುತ್ತಾರಂತೆ. ಅವನ ಫೋಟೋ ಬ್ಯಾನರಿಗೆ ಹಾಕಬೇಕಂತೆ, ಅವತ್ತು ಅವನನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಾರಂತೆ. ಅವರೆಲ್ಲ ಒಳ್ಳೆಯ ಹುಡುಗರೇ. ಮಗ ಮಾತ್ರ ಏನೂ ಮಾತಾಡುತ್ತಿಲ್ಲ. ಬೇಡ ಅಂದರೆ ಹಣ ತಪ್ಪುತ್ತೆ ಅಂತ ನನಗೆ ಭಯ.
– ಕೋಲಾರದ ಒಬ್ಬ ತಾಯಿ

ಉತ್ತರ: ಅಮ್ಮಾ, ಅವನು ಮಾತಾಡುತ್ತಿಲ್ಲ ಅನ್ನುವುದೇ ಒಂದು ಉತ್ತರ ಅಲ್ವಾ? ಹುಡುಗರು ಇಲ್ಲದಾಗ, ಅಪ್ಪನೂ ಎದುರಿಗೆ ಇಲ್ಲದಾಗ ಕೇಳಿ. 'ಹಣದ ಯೋಚನೆ ನನಗೆ ಬಿಡು, ಫೋಟೋ ಹಾಕಿದರೆ ನಿನಗೆ ಹೇಗನಿಸುತ್ತೆ?' ಅಂತ. ಬೇಡ ಅಂದರೆ ಬೇಡ. ಅವನು 19ರ ಹುಡುಗ, ಮುಖ ಅವನದು. ಬ್ಯಾನರಿನ ಮೇಲೆ ಅಂತರಗಂಗೆಯ ಬಸವನ ಬಾಯಿಂದ ನೀರು ಬೀಳುವ ಚಿತ್ರ ಹಾಕಿದರೂ ಹಣ ಬರುತ್ತೆ. ಒಳ್ಳೆಯ ಹುಡುಗರು ಅಂದಿರಲ್ಲ, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಎತ್ತಿಕೊಂಡು ಹೋಗುವುದು ಮಾತ್ರ ಅವನು ಹೂಂ ಅಂದರೂ ಬೇಡ ಅನ್ನುತ್ತೇನೆ. ಅಂತರಗಂಗೆಯಲ್ಲಿ ದೇವಸ್ಥಾನದವರೆಗೆ ಮೆಟ್ಟಿಲು, ಅದರ ಮೇಲೆ ದೊಡ್ಡ ದೊಡ್ಡ ಬಂಡೆ, ಗುಹೆ. ಎತ್ತಿಕೊಂಡವರಲ್ಲಿ ಒಬ್ಬನ ಕಾಲು ಜಾರಿದರೂ ಎಲ್ಲರೂ ಬೀಳುತ್ತಾರೆ. ಅವನಿಗೆ ಸ್ಪರ್ಶವಿಲ್ಲ, ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂರಿಸಿದರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಪೆಟ್ಟು ಎದೆಯ ಮೇಲ್ಭಾಗದಲ್ಲಾಗಿದ್ದರೆ, ಡಾಕ್ಟರ ಚೀಟಿಯಲ್ಲಿ ಟಿ6 (ಎದೆಭಾಗದ ಆರನೇ ಬೆನ್ನುಮೂಳೆ) ಅಥವಾ ಅದಕ್ಕಿಂತ ಮೇಲೆ ಅಂತ ಬರೆದಿರುತ್ತೆ, ಮೂತ್ರಚೀಲ ತುಂಬಿದ್ದಕ್ಕೇ ಬಿ.ಪಿ. ಒಮ್ಮೆಲೇ ಏರುವುದುಂಟು. ತಲೆ ಸಿಡಿಯುವ ಹಾಗೆ ನೋವು, ಮುಖ ಕೆಂಪಾಗಿ ಬೆವರು. ಆಗ ತಕ್ಷಣ ನೇರ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿಕೊಂಡಿದೆಯಾ ನೋಡಬೇಕು, ಇಳಿಯದಿದ್ದರೆ ಆಸ್ಪತ್ರೆ. ಮನೆಯಲ್ಲೂ ಇದು ನಿಮಗೆ ಗೊತ್ತಿರಲಿ. ಅವನಿಗೆ ಅವತ್ತು ಜೊತೆಯಲ್ಲಿ ಇರಬೇಕು ಅನ್ನಿಸಿದರೆ ಬುಡದಲ್ಲಿ ನೆರಳಲ್ಲಿ ಕೂತು ಹೆಸರು ಬರೆದುಕೊಳ್ಳುವುದು, ಹಣದ ಲೆಕ್ಕ ನೋಡುವುದು ಅವನೇ ಮಾಡಲಿ. ಅದು ನಿಜವಾದ ಕೆಲಸ, ಯಾರಾದರೂ ಮಾಡಲೇಬೇಕು.

ಹಣ ಬಂದರೆ ಮೊದಲು ಕೂರುವ ಕುಶನ್. ಹಾಸಿಗೆ ಹುಣ್ಣಿನಷ್ಟು ಈ ಮಕ್ಕಳನ್ನು ಹಿಂದಕ್ಕೆ ಎಳೆಯುವುದು ಇನ್ನೊಂದಿಲ್ಲ. ಕುರ್ಚಿಯಲ್ಲಿ ಕೂತಾಗ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಕೈ ಊರಿ ಮೈ ಎತ್ತಬೇಕು ಅಥವಾ ಪಕ್ಕಕ್ಕೆ ವಾಲಬೇಕು, ಮಲಗಿದಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು. ದಿನಕ್ಕೆ ಎರಡು ಸಲ ಕನ್ನಡಿ ಹಿಡಿದು ಹಿಂಭಾಗ ನೋಡಿ, ಕೆಂಪಾಗಿದ್ದು ಒತ್ತಿದರೂ ಬಿಳಿಯಾಗದಿದ್ದರೆ ಅಲ್ಲಿ ಭಾರ ಬೀಳದ ಹಾಗೆ ಮಾಡಿ. ಆಮೇಲೆ ಪುನಶ್ಚೇತನ ತರಬೇತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಒಂದು ವಿಭಾಗ ಇದೆ. 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಎಪಿಡಿ, ಕೂಡ ಬೆಂಗಳೂರಿನಲ್ಲಿದೆ. ತಾನೇ ಹಾಸಿಗೆಯಿಂದ ಕುರ್ಚಿಗೆ ಬರುವುದು, ಕೈಯಲ್ಲಿ ನಿಯಂತ್ರಿಸುವ ಗಾಡಿ ಓಡಿಸುವುದು, ಓದು, ಕೆಲಸ, ಇವೆಲ್ಲ ಕಲಿಯುವಂಥವು.

ಅವನಿಗೆ ಇನ್ನೊಂದು ಹೇಳಿ. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದ ಭಾರತೀಯ ತಂಡದಲ್ಲಿದ್ದರು. ಅದೇ ವರ್ಷ ಗುಂಡು ತಗುಲಿ ಬೆನ್ನುಹುರಿಗೆ ಪೆಟ್ಟಾಗಿ ಕಡೆಯವರೆಗೂ ವೀಲ್‌ಚೇರಿನಲ್ಲಿದ್ದರು. ಮತ್ತೆ ಬೆಟ್ಟ ಹತ್ತಿ ತೋರಿಸಲಿಲ್ಲ. ದೆಹಲಿಯಲ್ಲಿ ಬೆನ್ನುಹುರಿ ಪೆಟ್ಟಿನವರಿಗಾಗಿಯೇ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದರು.

ಪ್ರಶ್ನೆ: ಚಾರಣಕ್ಕೆ ಹಣ ಕೊಡುವವರು ರಸೀದಿ, ತೆರಿಗೆ ರಿಯಾಯಿತಿ ಕೇಳುತ್ತಿದ್ದಾರೆ. ನಾವು ಬರೀ ಗೆಳೆಯರ ಗುಂಪು, ಏನು ಮಾಡುವುದು?
– ತಿಪಟೂರಿನ ಓದುಗರು

ಉತ್ತರ: ಇದು ನನ್ನ ಕ್ಷೇತ್ರವಲ್ಲದಿದ್ದರೂ ಇಂಥ ಚಾರಣಗಳ ಜೊತೆ ಇದ್ದೇ ಇರುವುದರಿಂದ ಹೇಳುತ್ತೇನೆ. 80ಜಿ ಅಂತ ಕರೆಯುವ ರಿಯಾಯಿತಿ ಸಿಗುವುದು ಅದಕ್ಕೆ ನೋಂದಣಿ ಇರುವ ಟ್ರಸ್ಟ್, ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ. ಒಬ್ಬ ವ್ಯಕ್ತಿಗೆ ನೇರವಾಗಿ ಕೊಟ್ಟರೆ ಸಿಗುವುದಿಲ್ಲ. ಟ್ರಸ್ಟಿಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ನಿಮ್ಮದು ಗೆಳೆಯರ ಗುಂಪಾದರೆ ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಹಣವನ್ನು ಸಾಧ್ಯವಾದರೆ ಸಹಾಯ ಪಡೆಯುವವರ ಖಾತೆಗೇ ಹಾಕಿಸಿ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಖರ್ಚಾಯಿತು ಅನ್ನುವ ಪಟ್ಟಿಯನ್ನು ಬಿಲ್ಲುಗಳ ಜೊತೆ ಗುಂಪಿಗೆ ಕಳಿಸಿ. ಬಸ್ಸು, ಟೀ ಶರ್ಟು, ಊಟದ ಖರ್ಚನ್ನು ಈ ಹಣದಿಂದ ತೆಗೆಯಬೇಡಿ, ಹತ್ತುವವರು ಕೈಯಿಂದ ಹಾಕಿಕೊಳ್ಳಲಿ.